ಸಾಲಿನಲ್ಲಿ ನಾಲ್ಕನೆಯವನು

ನಡಿಗೆಯ ಎರಡನೆಯ ದಿನ, ಹದಿನಾರನೆಯ ಕಲ್ಲು ದಾಟಿದ ಸ್ವಲ್ಪ ಹೊತ್ತಿಗೆ, ಬೇಕರಿಯವನ ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಬಲಗಾಲಿನ ಚಪ್ಪಲಿಗೆ ಯಾವ ಅಪಾಯವೂ ಆಗಿರಲಿಲ್ಲ. ಗಾಳಿ ಎಂದಿನಂತೆ ಬೀಸುತ್ತಿತ್ತು, ಸಮುದ್ರ ತನ್ನ ಜಾಗದಲ್ಲಿತ್ತು. ಘಟನೆಯ ಹೊತ್ತಿಗೆ ಸ್ಥಳದಲ್ಲಿ ನಾಲ್ವರಿದ್ದರು. ಅವರಲ್ಲಿ ಅದನ್ನು ಕಣ್ಣಾರೆ ಕಂಡವನು ಬೇಕರಿಯವನೊಬ್ಬನೇ, ಏಕೆಂದರೆ ಉಳಿದ ಮೂವರು ಅವನ ಮುಂದೆ ನಡೆಯುತ್ತಿದ್ದರು, ಮತ್ತು ಆ ದ್ವೀಪದಲ್ಲಿ ಯಾರೂ ಹಿಂದೆ ತಿರುಗಿ ನೋಡುವಂತಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಊರಿನ ಎದುರಿಗೆ, ದೋಣಿಯಲ್ಲಿ ಅರ್ಧ ಗಂಟೆಯ ದೂರದಲ್ಲಿ, ಒಂದು ದ್ವೀಪವಿದೆ. ಅಲ್ಲಿ ಮನೆಗಳಿಲ್ಲ, ಗುಡಿಯಿಲ್ಲ. ನಡುವೆ ಏನಿದೆ ಎಂದು ನೋಡಿದವರಿಲ್ಲ, ಏಕೆಂದರೆ ಹೋದವರೆಲ್ಲ ಅಂಚಿನಲ್ಲೇ ನಡೆದು ಬಂದಿದ್ದಾರೆ. ಅಂಚಿನ ಉದ್ದಕ್ಕೂ ಸುಣ್ಣ ಬಳಿದ ನಲವತ್ತು ಕಲ್ಲುಗಳಿವೆ. ಒಂದರಿಂದ ಇನ್ನೊಂದಕ್ಕೆ ಮುಕ್ಕಾಲು ಗಂಟೆಯ ದಾರಿ. ದಿನಕ್ಕೆ ಹತ್ತು ಕಲ್ಲು, ಒಟ್ಟು ನಾಲ್ಕು ದಿನ. ನಲವತ್ತನೆಯ ಕಲ್ಲು ದೋಣಿ ಇಳಿಯುವ ಜಾಗದಲ್ಲೇ ಇದೆ, ಹಾಗಾಗಿ ಹೊರಟವರು ಹೊರಟಲ್ಲಿಗೇ ಬಂದು ಮುಟ್ಟುತ್ತಾರೆ. ನಲವತ್ತು ವರ್ಷ ತುಂಬಿದವರು ಒಮ್ಮೆ ಸ್ನೇಹಿತರೊಂದಿಗೆ ದ್ವೀಪಕ್ಕೆ ಸುತ್ತು ಬರಬೇಕು ಎನ್ನುವುದು ಊರಿನ ಕ್ರಮ. ಸುತ್ತು ಬಂದವರ ಹೆಸರು ದೋಣಿಕಟ್ಟೆಯ ಕಚೇರಿಯ ಹಾಜರಿ ಪುಸ್ತಕಕ್ಕೆ ಏರುತ್ತದೆ. ಏರಿದರೆ ಏನು ಲಾಭ ಎಂದು ಕೇಳಿದರೆ, ಏರದೆ ಉಳಿದವರು ಯಾರೂ ಇಲ್ಲದಿರುವುದರಿಂದ ಹೋಲಿಸಿ ಹೇಳುವುದು ಕಷ್ಟ ಎನ್ನುತ್ತಾರೆ.

ಈ ನಾಲ್ವರು ಶಾಲೆಯಲ್ಲಿ ಒಂದೇ ಬೆಂಚಿನವರು. ಒಬ್ಬ ಮೇಷ್ಟ್ರಾದ, ಒಬ್ಬ ಆಸ್ಪತ್ರೆಯಲ್ಲಿ ಕಂಪೌಂಡರ್ ಆದ, ಒಬ್ಬ ದರ್ಜಿಯಾದ, ಒಬ್ಬ ಬೇಕರಿ ಇಟ್ಟ. ಅವರಿಗೆ ಹೆಸರುಗಳೂ ಇದ್ದವು. ಊರಿನಲ್ಲಿ ಅವುಗಳ ಅಗತ್ಯ ಬಿದ್ದದ್ದು ಕಡಿಮೆ.

ದೋಣಿ ನಡೆಸುವವಳು ಒಬ್ಬ ಅಜ್ಜಿ. ದ್ವೀಪ ಮುಟ್ಟಿದ ಮೇಲೆ ಅವಳು ಹುಟ್ಟನ್ನು ಮಡಿಲಿಗೆ ಆನಿಸಿಕೊಂಡು, ಎಲ್ಲ ತಂಡಗಳಿಗೂ ಹೇಳುವ ಮಾತನ್ನೇ ಇವರಿಗೂ ಹೇಳಿದಳು.

“ಸಮುದ್ರ ಎಡಕ್ಕೆ, ದ್ವೀಪ ಬಲಕ್ಕೆ. ಒಬ್ಬರ ಹಿಂದೆ ಒಬ್ಬರು. ಹೊರಟ ಸಾಲು ಹೊರಟ ಹಾಗೇ ಬರಬೇಕು. ಹಿಂದೆ ತಿರುಗಿ ನೋಡಬಾರದು, ಊಟಕ್ಕೆ ಕೂತಾಗಲೂ, ಮಲಗಿದಾಗಲೂ. ಪ್ರತಿ ಕಲ್ಲಿನ ಹತ್ತಿರ ಮುಂದಿನವ ‘ಇದ್ದೀರಾ’ ಅಂತ ಕೇಳಬೇಕು. ಹಿಂದಿನವರು ಒಬ್ಬೊಬ್ಬರಾಗಿ ‘ಇದ್ದೇನೆ’ ಅನ್ನಬೇಕು. ಅವರವರ ಬಾಯಿಂದ.”

“ಯಾರಾದರೂ ಅನ್ನದಿದ್ದರೆ?” ಎಂದು ಕಂಪೌಂಡರ್ ಕೇಳಿದ.

“ಆಗ ತಿರುಗಿ. ಆಗ ಮಾತ್ರ ತಿರುಗಬಹುದು. ಸುತ್ತು ಕೆಡ್ತದೆ, ಮನುಷ್ಯ ಸಿಗ್ತಾನೆ. ಸುತ್ತನ್ನು ಇನ್ನೊಂದು ವರ್ಷ ಮಾಡಬಹುದು.”

“ಎಲ್ಲರೂ ಅಂದರೆ?”

“ಎಲ್ಲರೂ ಅಂದರೆ ಎಲ್ಲರೂ ಇದ್ದಾರೆ ಅಂತ. ದ್ವೀಪಕ್ಕೆ ಕಣ್ಣಿಲ್ಲ ಮಗಾ, ಕಿವಿ ಮಾತ್ರ.”

ಗುಳಿಗೆಯನ್ನು ಊಟದ ನಂತರ ನುಂಗಿ ಎಂದಾಗ ರೋಗಿಗಳು ತಲೆಯಾಡಿಸುವ ಹಾಗೆ ನಾಲ್ವರೂ ತಲೆಯಾಡಿಸಿದರು.

ಮೇಷ್ಟ್ರು ಮುಂದೆ ನಿಂತ. ಅದನ್ನು ಯಾರೂ ಚರ್ಚಿಸಲಿಲ್ಲ. ಅವನ ಹಿಂದೆ ಕಂಪೌಂಡರ್, ಅವನ ಹಿಂದೆ ದರ್ಜಿ. ಬೇಕರಿಯವನು ದಪ್ಪ, ನಿಧಾನ, ದಾರಿಯಲ್ಲಿ ಕಪ್ಪೆಚಿಪ್ಪು ಹೆಕ್ಕುವ ಅಭ್ಯಾಸದವನು. ಆದ್ದರಿಂದ ಕೊನೆಯಲ್ಲಿ ಅವನು.

ಮೊದಲ ಕಲ್ಲಿನ ಬಳಿ ಮೇಷ್ಟ್ರು ನಿಂತು, ಎದುರಿನ ಗಾಳಿಮರಗಳನ್ನು ನೋಡುತ್ತ, “ಇದ್ದೀರಾ?” ಎಂದು ಕೇಳಿದ.

“ಇದ್ದೇನೆ,” ಎಂದ ಕಂಪೌಂಡರ್.

“ಇದ್ದೇನೆ,” ಎಂದ ದರ್ಜಿ.

“ಇದ್ದೇನೆ, ಹಸಿವೆಯೂ ಉಂಟು,” ಎಂದ ಬೇಕರಿಯವನು.

“ಕೇಳಿದಷ್ಟಕ್ಕೆ ಉತ್ತರ,” ಎಂದ ಮೇಷ್ಟ್ರು. ಸಾಲು ಮುಂದೆ ಹೋಯಿತು. ಕೇಳುವವನು ಇದ್ದಾನೆಯೇ ಎಂದು ಕೇಳುವ ಕ್ರಮ ಇರಲಿಲ್ಲ. ಅದು ಎಲ್ಲ ಊರಿನಲ್ಲೂ ಹಾಗೆಯೇ.

ಆ ಸಂಜೆ ಹತ್ತನೆಯ ಕಲ್ಲಿನ ಬಳಿ ಅವರು ದೋಣಿಯಲ್ಲಿ ಕೂತವರಂತೆ ಒಬ್ಬರ ಬೆನ್ನಿಗೆ ಒಬ್ಬರು ಕೂತರು. ತಿನ್ನುವುದೆಲ್ಲ ಮೇಷ್ಟ್ರ ಚೀಲದಲ್ಲಿತ್ತು. ಬೇಕರಿಯವನು ನಡಿಗೆಗೆಂದೇ ಎರಡು ಸಲ ಸುಟ್ಟ ರಸ್ಕು, ಅವಲಕ್ಕಿ, ಬೆಲ್ಲ. ಮೇಷ್ಟ್ರು ತನ್ನ ಪಾಲು ತೆಗೆದುಕೊಂಡು ಉಳಿದದ್ದನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಿದ. ಕಂಪೌಂಡರ್ ಹಾಗೇ ಚಾಚಿದ. ದರ್ಜಿ ಹಾಗೇ ಚಾಚಿದ. ಬೇಕರಿಯವನ ಬಿಸಿ ದಪ್ಪ ಬೆರಳುಗಳು ರಸ್ಕು ತೆಗೆದುಕೊಂಡವು, ಮರುಗಳಿಗೆ ಕಟಮ್ ಎಂಬ ಸದ್ದು.

“ಮಾಡಿದವನಿಗೇ ಕೊನೆಯ ಪಾಲು,” ಎಂದ ಬೇಕರಿಯವನು, ಬಾಯಿ ತುಂಬ. “ದರ್ಜಿ, ನೀನು ನಿನ್ನ ಅಂಗಿ ಕೊನೆಗೆ ಹೊಲಿದುಕೊಳ್ಳುವ ಹಾಗೆ.”

“ನನ್ನ ಅಂಗಿ ಹರಿದದ್ದು ನೀನು ನೋಡಬಹುದು, ನಿನ್ನ ಮುಖ ನಾನು ನೋಡುವ ಹಾಗಿಲ್ಲ. ನನಗೇ ಲಾಭ,” ಎಂದ ದರ್ಜಿ.

ನಾಲ್ವರೂ ನಕ್ಕರು. ಎಲ್ಲರೂ ಮುಂದಕ್ಕೆ ಮುಖ ಮಾಡಿ ನಕ್ಕರು.

ಎರಡನೆಯ ದಿನ ಉಂಗುಷ್ಟ ಕಿತ್ತುಹೋದದ್ದು ಬಂಡೆಗಳ ಹತ್ತಿರ. ಹದಿನಾರನೆಯ ಕಲ್ಲಿನಿಂದಾಚೆ ದಾರಿ ಬಂಡೆಗಳ ಕೆಳಗೆ ಇಳಿಯುತ್ತದೆ. ಉಬ್ಬರ ಏರುವ ಮೊದಲು ಅದನ್ನು ದಾಟಬೇಕು. ಮೇಷ್ಟ್ರು ಬೆಳಿಗ್ಗೆಯಿಂದ ಅದನ್ನೇ ಹೇಳುತ್ತಿದ್ದ. ಬೇಕರಿಯವನ ದೆಸೆಯಿಂದ ಸಾಲು ಬೆಳಿಗ್ಗೆ ಎರಡು ಸಲ ನಿಂತಿತ್ತು, ಒಮ್ಮೆ ಕಪ್ಪೆಚಿಪ್ಪಿಗೆ, ಒಮ್ಮೆ ಮುಳ್ಳಿಗೆ. ಎರಡನೆಯ ಸಲ ಮೇಷ್ಟ್ರು, “ನನ್ನ ಮಂಡಿಗೆ ಈ ನಡಿಗೆ ಒಂದೇ ಸಲ. ಇನ್ನೊಂದು ವರ್ಷ ಅಂತ ಯಾರಾದರೂ ಅಂದರೆ ನಾನು ಬರುವವನಲ್ಲ,” ಎಂದಿದ್ದ.

ಆದ್ದರಿಂದ ಬೇಕರಿಯವನು ಮೂರನೆಯ ಸಲ ಕೂಗಲಿಲ್ಲ. ದರ್ಜಿಯ ಬೆನ್ನಿಗೆ ಹತ್ತಿರ ಬಂದು ಪಿಸುಗುಟ್ಟಿದ.

“ಉಂಗುಷ್ಟ ಹೋಯ್ತು ಮಾರಾಯ. ಸೂಜಿದಾರ ಉಂಟಾ?”

ದರ್ಜಿ ಅಂಗಿಯ ಕಾಲರಿನಲ್ಲಿ ಯಾವಾಗಲೂ ಚುಚ್ಚಿರುತ್ತಿದ್ದ ಸೂಜಿಯನ್ನು ಕೆಂಪು ದಾರದ ಸಮೇತ ತೆಗೆದು ಭುಜದ ಮೇಲಿಂದ ಕೊಟ್ಟ. “ಆರು ಹೊಲಿಗೆ ಸಾಕು. ನಿಲ್ಲಿಸಲಾ?”

“ಬೇಡ, ಅವನು ಪಾಠ ಶುರು ಮಾಡ್ತಾನೆ. ಬರಿಗಾಲಲ್ಲಿ ಈ ಚಿಪ್ಪಿನ ಮೇಲೆ ಆಗುದಿಲ್ಲ. ಇಲ್ಲೇ ಕೂತು ಹೊಲಿದು ಓಡಿ ಬರ್ತೇನೆ. ಹದಿನೇಳಕ್ಕೆ ನಾನು ಮುಟ್ಟದಿದ್ದರೆ ನೀನೇ ಒಂದು ಹಾಕಿಬಿಡು.”

ಹಾಜರಿ ಹಾಕುವುದು ಆ ಬೆಂಚಿನಲ್ಲಿ ಹೊಸದಲ್ಲ. ಶಾಲೆಯಲ್ಲಿ ಬೇಕರಿಯವನು ಮಾವಿನಮರದಲ್ಲಿದ್ದ ದಿನಗಳಲ್ಲೆಲ್ಲ ದರ್ಜಿ ತಲೆ ತಗ್ಗಿಸಿ, ಗಂಟಲು ದಪ್ಪ ಮಾಡಿ, ಅವನ ಪರವಾಗಿ ಓಗೊಟ್ಟಿದ್ದ. ಬೇಕರಿಯವನ ಹಾಜರಿ ಶಾಲೆಯಲ್ಲೇ ಅತ್ಯುತ್ತಮವಾಗಿತ್ತು, ಬಹುಮಾನವೂ ಬಂದಿತ್ತು.

ಹದಿನೇಳನೆಯ ಕಲ್ಲಿನ ಬಳಿ ಮೇಷ್ಟ್ರು ಕೇಳಿದ. ಕಂಪೌಂಡರ್ ಇದ್ದೇನೆ ಎಂದ. ದರ್ಜಿ ಇದ್ದೇನೆ ಎಂದ. ಆಮೇಲೆ ಸ್ವಲ್ಪ ತಡೆದು, ಗಂಟಲು ದಪ್ಪ ಮಾಡಿ, ಇನ್ನೊಮ್ಮೆ ಇದ್ದೇನೆ ಎಂದ.

ಸಾಲು ಮುಂದೆ ಹೋಯಿತು.

ಹತ್ತು ಹೆಜ್ಜೆಗೆ ದರ್ಜಿಯ ಹಿಂದೆ ಕಾಲ ಸದ್ದು ಕೇಳಿಸಿತು. ಒಂದು ಟಪ್, ಒಂದು ಮೆತ್ತಗೆ. ಒಂದು ಟಪ್, ಒಂದು ಮೆತ್ತಗೆ. ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು.

“ಹೊಲಿಗೆ ಆಗಲಿಲ್ಲವಾ?” ಎಂದು ದರ್ಜಿ ಕೇಳಿದ.

ಉತ್ತರವಿಲ್ಲ. ಓಡಿ ಬಂದು ಉಸಿರು ಕಟ್ಟಿರಬೇಕು ಎಂದುಕೊಂಡ. ಉಸಿರಿನ ಸದ್ದೂ ಇಲ್ಲ ಎನ್ನುವುದು ಹದಿನೆಂಟನೆಯ ಕಲ್ಲು ಹತ್ತಿರವಾದಾಗ ಅವನ ಗಮನಕ್ಕೆ ಬಂತು.

“ಇದ್ದೀರಾ?”

“ಇದ್ದೇನೆ.”

“ಇದ್ದೇನೆ.”

ಅಲೆ ಒಮ್ಮೆ ಬಂದು ಹಿಂದೆ ಹೋಯಿತು. ದರ್ಜಿ ತುಟಿ ಅಲುಗದ ಹಾಗೆ, “ಬಾಯಿ ಬಿಡು ಮಾರಾಯ,” ಎಂದು ಹಿಂದಕ್ಕೆ ಪಿಸುಗುಟ್ಟಿದ. ಏನೂ ಬರಲಿಲ್ಲ. ಮುಂದೆ ಮೇಷ್ಟ್ರ ಕುತ್ತಿಗೆಯ ನರ ಬಿಗಿಯುತ್ತಿತ್ತು. ಈಗ ಸುಮ್ಮನಿದ್ದರೆ ಎಲ್ಲರೂ ತಿರುಗಬೇಕು. ತಿರುಗಿದರೆ ಹದಿನೇಳರ ವಿಷಯವೂ ಹೊರಗೆ ಬರುತ್ತದೆ. ದರ್ಜಿ ಗಂಟಲು ದಪ್ಪ ಮಾಡಿ ಇದ್ದೇನೆ ಎಂದ.

ಹತ್ತೊಂಬತ್ತರ ಬಳಿ, ಇಪ್ಪತ್ತಕ್ಕೆ ಸತ್ಯ ಹೇಳಿಬಿಡಬೇಕು ಎಂದುಕೊಂಡ. ಇಪ್ಪತ್ತರ ಬಳಿ, ಹೇಳುವುದಾದರೆ ಹತ್ತೊಂಬತ್ತರಲ್ಲೇ ಹೇಳಬೇಕಿತ್ತು ಎಂದುಕೊಂಡ.

ಸಂಜೆ ಅವರು ಒಬ್ಬರ ಬೆನ್ನಿಗೆ ಒಬ್ಬರು ಸಾಲಾಗಿ ಕೂತರು. ದರ್ಜಿ ರಸ್ಕನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಿದ. ಸ್ವಲ್ಪ ಹೊತ್ತು ಅದು ಅವನ ಕೈಯಲ್ಲೇ ಇತ್ತು. ಆಮೇಲೆ ಒದ್ದೆ ಬೆರಳುಗಳು ಅದನ್ನು ಮೆಲ್ಲಗೆ ತೆಗೆದುಕೊಂಡವು. ಬೆರಳುಗಳು ತಣ್ಣಗಿದ್ದವು, ಮರಳು ಅಂಟಿತ್ತು, ಮತ್ತು ತೆಳ್ಳಗಿದ್ದವು. ದರ್ಜಿ ಕಿವಿಗೊಟ್ಟು ಕಾದ. ಕಟಮ್ ಎನ್ನುವ ಸದ್ದು ಬರಲಿಲ್ಲ.

“ಬೇಕರಿಯವ ಈವತ್ತು ಭಾರಿ ಮೌನ,” ಎಂದ ಕಂಪೌಂಡರ್ ಮುಂದೆ ನೋಡುತ್ತ.

“ದಣಿದಿದ್ದಾನೆ,” ಎಂದ ದರ್ಜಿ.

“ಒಳ್ಳೆಯದಾಯಿತು,” ಎಂದ ಮೇಷ್ಟ್ರು.

ಮೂರನೆಯ ದಿನ ಆಕಾಶದಲ್ಲಿ ಮೋಡವಿರಲಿಲ್ಲ. ಬಿಸಿಲು ಬೆಳಿಗ್ಗೆ ಮುಂದಿನಿಂದ ಬರುತ್ತಿತ್ತು, ನೆರಳುಗಳು ಹಿಂದಕ್ಕೆ ಬೀಳುತ್ತಿದ್ದವು. ಮಧ್ಯಾಹ್ನದ ಮೇಲೆ ಸೂರ್ಯ ಬೆನ್ನಿಗೆ ಬಂದ. ಆಗ ದರ್ಜಿಯ ಎದುರು ಮರಳಿನ ಮೇಲೆ ಅವನ ನೆರಳು ಬಿತ್ತು. ಅದರ ಪಕ್ಕಕ್ಕೆ, ಹಿಂದಿನವನ ನೆರಳು ಬೀಳಬೇಕಾದಲ್ಲಿ, ಮರಳು ಬೆಳ್ಳಗಿತ್ತು. ಸದ್ದು ಮಾತ್ರ ತಪ್ಪಲಿಲ್ಲ. ಒಂದು ಟಪ್, ಒಂದು ಮೆತ್ತಗೆ.

ಇಪ್ಪತ್ತೆಂಟನೆಯ ಕಲ್ಲಿನವರೆಗೆ ದರ್ಜಿ ಪ್ರತಿ ಸಲವೂ ಎರಡು ಬಾಯಿಗಳ ಕೆಲಸ ಮಾಡಿದ. ಕೆಲಸ ಸಲೀಸಾಗುತ್ತ ಬಂತು, ಅದೂ ಅವನಿಗೆ ಹಿಡಿಸಲಿಲ್ಲ. ಇಪ್ಪತ್ತೆಂಟು ದಾಟಿದ ಮೇಲೆ ಗಾಳಿ ಒಮ್ಮೆ ತಿರುಗಿತು. ಆಗ ತೀರಾ ಹಿಂದಿನಿಂದ, ಒಂದು ಕಲ್ಲಿನಷ್ಟು ದೂರದಿಂದ, ಒಂದು ಕೂಗು ಬಂತು.

“ನಿಲ್ಲಿ ಮಾರಾಯಾ. ಹೊಲಿದಾಯ್ತು. ನಿನ್ನೆಯಿಂದ ಓಡ್ತಾ ಇದ್ದೇನೆ.”

ಅದು ಬೇಕರಿಯವನ ದನಿ. ದಪ್ಪನೆಯದು, ಏದುಸಿರಿನದು. ಅದರ ಬಗ್ಗೆ ದರ್ಜಿಗೆ ಅನುಮಾನವಿರಲಿಲ್ಲ. ಅನುಮಾನ ಬಂದದ್ದು ಬೆನ್ನ ಹಿಂದಿನ ಸದ್ದಿನ ಬಗ್ಗೆ. ಅದು ಅವನಿಂದ ಎರಡು ಮೊಳ ದೂರದಲ್ಲಿತ್ತು, ಕೂಗು ಕೇಳಿ ನಿಲ್ಲಲಿಲ್ಲ, ಅವಸರವೂ ಪಡಲಿಲ್ಲ. ಒಂದು ಟಪ್, ಒಂದು ಮೆತ್ತಗೆ.

ದರ್ಜಿಯ ಅಂಗಿ ಬೆನ್ನಿಗೆ ಅಂಟಿತು. ಅಜ್ಜಿ ಹೇಳಿದ್ದು ನೆನಪಾಯಿತು. ಉತ್ತರ ಬಾರದಿದ್ದರೆ ತಿರುಗಬಹುದು, ಮನುಷ್ಯ ಸಿಗ್ತಾನೆ. ಇನ್ನೂ ಹೊತ್ತಿತ್ತು. ಒಂದು ಕಲ್ಲಿನಲ್ಲಿ ಸುಮ್ಮನಿದ್ದರೆ ಸಾಕು.

ಇಪ್ಪತ್ತೊಂಬತ್ತನೆಯ ಕಲ್ಲಿನ ಬಳಿ ಮೇಷ್ಟ್ರು ಕೇಳಿದ. ಕಂಪೌಂಡರ್ ಇದ್ದೇನೆ ಎಂದ. ದರ್ಜಿ ಇದ್ದೇನೆ ಎಂದ. ಆಮೇಲೆ ಎರಡೂ ಕೈಗಳಿಂದ ತನ್ನ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡ.

“ಇದ್ದೇನೆ,” ಎಂದಿತು ಬೆನ್ನ ಹಿಂದೆ.

ದನಿ ದರ್ಜಿಯದೇ. ಗಂಟಲು ದಪ್ಪ ಮಾಡಿಕೊಂಡಾಗಿನ ದನಿ. ಹನ್ನೆರಡು ಕಲ್ಲುಗಳಲ್ಲಿ ಅವನು ಕೊಟ್ಟದ್ದನ್ನು ಅದು ಜೋಪಾನವಾಗಿ ಇಟ್ಟುಕೊಂಡಿತ್ತು.

ಸಾಲು ಮುಂದೆ ಹೋಯಿತು.

ಆ ಸಂಜೆ ಮೂವತ್ತನೆಯ ಕಲ್ಲಿನ ಬಳಿ ಕೂತಾಗ ದರ್ಜಿ ಎಲ್ಲವನ್ನೂ ಹೇಳಿದ. ಉಂಗುಷ್ಟ, ಸೂಜಿ, ಹದಿನೇಳು, ಹದಿನೆಂಟು, ಕೂಗು. ಮುಂದೆ ನೋಡುತ್ತಲೇ ಹೇಳಿದ, ಮೆಲ್ಲಗೆ ಹೇಳಿದ, ಹಿಂದಿರುವುದಕ್ಕೆ ಕೇಳಿಸದಿರಲಿ ಎಂದು. ಹೇಳಿ ಮುಗಿಸಿ, “ಹಿಂದೆ ಇರುವುದು ಅವನಲ್ಲ,” ಎಂದ.

ಕಂಪೌಂಡರನ ಬೆನ್ನು ನೆಟ್ಟಗಾಯಿತು.

“ಉತ್ತರ ಬಂತಲ್ಲ?” ಎಂದ ಮೇಷ್ಟ್ರು.

“ಬಂತು. ನನ್ನ ದನಿಯಲ್ಲಿ ಬಂತು.”

“ನಿನ್ನ ದನಿಯಲ್ಲಿ ಬಂದರೆ ಹೇಳಿದ್ದು ನೀನು.”

“ನಾನು ಬಾಯಿ ಮುಚ್ಚಿಕೊಂಡಿದ್ದೆ.”

“ಹಾಗಾದರೆ ಹೇಳಿದ್ದು ಅವನು.” ಮೇಷ್ಟ್ರ ಲೆಕ್ಕದಲ್ಲಿ ಮೂರನೆಯದಕ್ಕೆ ಜಾಗವಿರಲಿಲ್ಲ. “ಎಲ್ಲರೂ ಅಂದರೆ ಎಲ್ಲರೂ ಇದ್ದಾರೆ. ಅಜ್ಜಿಯೇ ಹೇಳಿದ್ದು. ತಿರುಗಲಿಕ್ಕೆ ನಮಗೆ ಅಧಿಕಾರ ಇಲ್ಲ.”

“ಅವನು ಕೂಗ್ತಾ ಇದ್ದಾನೆ, ಮೇಷ್ಟ್ರೇ. ನೀನು ದಿನಾ ಅವನ ರೊಟ್ಟಿ ತಿನ್ನುವವ.”

ಆಮೇಲೆ ಕಂಪೌಂಡರ್ ಕೇಳಿದ, ಆಸ್ಪತ್ರೆಯಲ್ಲಿ ಗಾಯದ ಆಳ ಕೇಳುವವನ ಹಾಗೆ. “ಈಗ ತಿರುಗಿದರೆ ಎಂತ ಕಾಣ್ತದೆ?”

“ಗೊತ್ತಿಲ್ಲ,” ಎಂದ ದರ್ಜಿ.

“ಎಷ್ಟು ಹತ್ತಿರ ಉಂಟು ಅದು?”

“ನನ್ನ ಬೆನ್ನಿಗೆ ತಾಗಿ ಕೂತಿದೆ.”

“ಹಾಗಾದರೆ ಬೇಡ,” ಎಂದ ಕಂಪೌಂಡರ್. ಎರಡು ರಸ್ಕುಗಳನ್ನು ಭುಜದ ಮೇಲಿಂದ ದರ್ಜಿಗೆ ಚಾಚಿದ. ದರ್ಜಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಭುಜದ ಮೇಲೆ ಹಿಡಿದ, ಕಣ್ಣು ಮುಚ್ಚಿಕೊಂಡು. ಅದನ್ನು ತೆಗೆದುಕೊಳ್ಳಲಾಯಿತು.

ನಾಲ್ಕನೆಯ ದಿನ ಮೂವರೂ ಬೇಗ ಬೇಗ ನಡೆದರು. ಮೇಷ್ಟ್ರ ಮಂಡಿಗೆ ಏನೂ ಆಗಿರಲಿಲ್ಲ. ಕಲ್ಲುಗಳ ಬಳಿ ಪ್ರಶ್ನೆ ಮುಗಿಯುವ ಮೊದಲೇ ನಾಲ್ಕನೆಯ ಉತ್ತರ ಬರತೊಡಗಿತು. ಅದು ಪ್ರತಿ ಸಲ ಸ್ವಲ್ಪ ಜೋರಾಗುತ್ತಿತ್ತು, ದರ್ಜಿಯದು ಸ್ವಲ್ಪ ಸಣ್ಣದಾಗುತ್ತಿತ್ತು. ಮೂವತ್ತೈದರಲ್ಲಿ ಮೇಷ್ಟ್ರು, “ಮೂರನೆಯವನು ಕೇಳಿಸುವ ಹಾಗೆ ಹೇಳಬೇಕು,” ಎಂದ. ತೀರಾ ಹಿಂದಿನಿಂದ, ಒಂದೇ ಕಲ್ಲಿನಷ್ಟು ದೂರದಿಂದ, ಕೂಗು ಬರುತ್ತಲೇ ಇತ್ತು. ಈಗ ಅದರಲ್ಲಿ ಮಾತು ಇರಲಿಲ್ಲ.

ಮೂವತ್ತೇಳು ದಾಟಿದ ಮೇಲೆ ದರ್ಜಿಗೆ ಒಂದು ಉಪಾಯ ಹೊಳೆಯಿತು. ಹಿಂದಿನದು ತನ್ನ ಉತ್ತರ ಕೊಡಲಿ, ತಡೆಯುವುದಕ್ಕೆ ಆಗುವುದಿಲ್ಲ. ಆದರೆ ದರ್ಜಿಯ ಉತ್ತರ ದರ್ಜಿಯದೇ. ಅವನು ತನ್ನದನ್ನೇ ಕೊಡದಿದ್ದರೆ ಸಾಲಿನಲ್ಲಿ ಒಬ್ಬ ಕಡಿಮೆಯಾಗುತ್ತಾನೆ. ಆಗ ಮೇಷ್ಟ್ರು ತಿರುಗಲೇಬೇಕು, ಸುತ್ತು ಕೆಡಲೇಬೇಕು, ಮನುಷ್ಯ ಸಿಗಲೇಬೇಕು. ನಾಲ್ಕು ದಿನಗಳಲ್ಲಿ ಅವನಿಗೆ ಬಂದ ಒಳ್ಳೆಯ ಯೋಚನೆ ಇದೊಂದೇ.

ಮೂವತ್ತೆಂಟನೆಯ ಕಲ್ಲಿನ ಸುಣ್ಣ ಬಿಸಿಲಿಗೆ ಹೊಳೆಯುತ್ತಿತ್ತು.

“ಇದ್ದೀರಾ?”

“ಇದ್ದೇನೆ,” ಎಂದ ಕಂಪೌಂಡರ್.

ದರ್ಜಿ ಸುಮ್ಮನಿದ್ದ. ಅಲೆ ಬಂದು ಹೋಯಿತು. ಮೇಷ್ಟ್ರ ಹಿಮ್ಮಡಿ ಮರಳಿನಲ್ಲಿ ಸ್ವಲ್ಪ ಹೊರಳಿತು, ತಿರುಗುವವನ ಹಾಗೆ.

“ಇದ್ದೇನೆ,” ಎಂದಿತು ಬೆನ್ನ ಹಿಂದೆ, ದರ್ಜಿಯ ಮಾಮೂಲಿ ದನಿಯಲ್ಲಿ. ಆಮೇಲೆ, ಗಂಟಲು ದಪ್ಪ ಮಾಡಿಕೊಂಡು, “ಇದ್ದೇನೆ.”

ಅದೇ ಗಳಿಗೆಯಲ್ಲಿ ದರ್ಜಿಗೆ ತನ್ನ ಕಾಲು ಮರಳನ್ನು ಮುಟ್ಟುತ್ತಿದೆಯೋ ಇಲ್ಲವೋ ಎಂಬ ಅನುಮಾನ ಬಂತು. ಎದುರಿನ ನೆರಳು ನೋಡಿದ. ಅದು ತೆಳುವಾಗಿತ್ತು, ತೊಳೆದ ಬಟ್ಟೆಯ ಹಾಗೆ. ಮುಂದೆ ಕಂಪೌಂಡರನ ಬೆನ್ನು ದೂರ ಹೋಗುತ್ತಿತ್ತು, ಅವನು ನಡೆಯದೆ ಇದ್ದರೂ. ಹಿಂದಿನದು ಒಂದು ಹೆಜ್ಜೆ ಮುಂದೆ ಇಟ್ಟಿತು.

“ಇದ್ದೇನೆ,” ಎಂದು ದರ್ಜಿ ಅರಚಿದ. “ಇದ್ದೇನೆ, ಇದ್ದೇನೆ, ನಾನು ಇದ್ದೇನೆ.”

“ಒಂದು ಸಲ ಸಾಕು,” ಎಂದ ಮೇಷ್ಟ್ರು. ಹಿಮ್ಮಡಿ ಮೊದಲಿನ ಜಾಗಕ್ಕೆ ಬಂತು.

ಮೂವತ್ತೊಂಬತ್ತರಲ್ಲಿ ದರ್ಜಿ ಕಂಪೌಂಡರನಿಗಿಂತಲೂ ಮೊದಲು, ಪ್ರಶ್ನೆಗಿಂತಲೂ ಮೊದಲು, ಜೋರಾಗಿ ಇದ್ದೇನೆ ಎಂದ. ನಲವತ್ತರಲ್ಲಿಯೂ ಹಾಗೆಯೇ. ಬೇಕರಿಯವನ ವಿಷಯ ಆ ಎರಡು ಕಲ್ಲುಗಳಲ್ಲಿ ಅವನ ತಲೆಗೆ ಬರಲಿಲ್ಲ.

ಅಜ್ಜಿ ದೋಣಿಯ ಮೂತಿಯಲ್ಲಿ ಅವರಿಗೆ ಎದುರಾಗಿ ನಿಂತಿದ್ದಳು. ಒಬ್ಬೊಬ್ಬರಾಗಿ ಹತ್ತಿದರು. ಒಬ್ಬೊಬ್ಬರು ಹತ್ತಿದಾಗಲೂ ದೋಣಿ ಒಂದಿಷ್ಟು ಇಳಿಯಿತು, ನಾಲ್ಕು ಸಲ ಇಳಿಯಿತು. ಅಜ್ಜಿಯ ಕಣ್ಣು ಮೇಷ್ಟ್ರ ಮೇಲೆ, ಕಂಪೌಂಡರನ ಮೇಲೆ, ದರ್ಜಿಯ ಮೇಲೆ ನಿಂತು, ದರ್ಜಿಯ ಭುಜದ ಹಿಂದಕ್ಕೆ ಹೋಗಿ, ಬೇಗ ನೀರಿಗೆ ಜಾರಿತು. ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

“ಅಜ್ಜೀ,” ಎಂದ ದರ್ಜಿ, “ನಾಲ್ಕನೆಯವನು—”

“ಸುತ್ತು ಮುಗಿದಿದೆ ಮಗಾ. ಜಾಗ ತುಂಬಿದ ಸಾಲಿಗೆ ಇನ್ನೊಬ್ಬ ಸೇರಲಿಕ್ಕಾಗುದಿಲ್ಲ. ಎಷ್ಟು ಓಡಿದರೂ ಒಂದು ಕಲ್ಲಿನ ದೂರ ಇದ್ದೇ ಇರ್ತದೆ.” ಅವಳು ಹುಟ್ಟು ಹಾಕಿದಳು. “ಆ ಕಲ್ಲಿನಲ್ಲಿ ಸುಮ್ಮನಿದ್ದಿದ್ದರೆ ಆಗ್ತಿತ್ತು.”

ಯಾವ ಕಲ್ಲು ಎಂದು ದರ್ಜಿ ಕೇಳಲಿಲ್ಲ.

ಊರಿನ ದಡಕ್ಕೆ ಕಾಲಿಟ್ಟ ಮೇಲೆ ತಿರುಗಿ ನೋಡಬಹುದಿತ್ತು, ಮೂವರೂ ನೋಡಿದರು. ದೋಣಿ ಖಾಲಿಯಿತ್ತು. ಇಳಿಯುವ ಹಲಗೆಯ ಮೇಲೆ ಅವರ ಕಾಲ ಗುರುತುಗಳ ಪಕ್ಕದಲ್ಲಿ ಒಂದು ಚಪ್ಪಲಿಯ ಒದ್ದೆ ಗುರುತು, ಒಂದು ಬರಿಗಾಲಿನ ಒದ್ದೆ ಗುರುತು. ಅವು ಊರಿನ ಕಡೆಗೆ ಹೋಗಿದ್ದವು.

ಕಚೇರಿಯ ಗುಮಾಸ್ತ ಪುಸ್ತಕದಿಂದ ತಲೆ ಎತ್ತದೆ, “ನಾಲ್ವರೂ ಇದ್ದೀರಾ?” ಎಂದು ಕೇಳಿದ. ಯಾರಾದರೂ ಬಾಯಿ ತೆರೆಯುವ ಮೊದಲು ಬಾಗಿಲ ಆಚೆಯಿಂದ ಉತ್ತರ ಬಂತು. ಗುಮಾಸ್ತ ನಾಲ್ವರೂ ಹಾಜರು ಎಂದು ಬರೆದು, ಮಸಿಯ ಮೇಲೆ ಮರಳು ಉದುರಿಸಿ ಒಣಗಿಸಿದ.

ಬೇಕರಿಯವನ ಹೆಂಡತಿ ಆ ಸಂಜೆ ಅಂಗಡಿಯ ಹಿಂಬಾಗಿಲು ತೆರೆದಿರುವುದನ್ನು ಕಂಡು, “ಬಂದಿರಾ?” ಎಂದು ಕೇಳಿದಳು. ಒಲೆಯ ಹಿಂದಿನಿಂದ, “ಇದ್ದೇನೆ,” ಎಂದಿತು. ಅವಳು ನೀರು ಬಿಸಿ ಮಾಡಿ, ಸ್ನಾನಕ್ಕೆ ಬನ್ನಿ ಎಂದಳು. ಇದ್ದೇನೆ ಎಂದಿತು. ಹಿಟ್ಟು ಎಷ್ಟು ಕಲಸಲಿ ಎಂದಳು. ಇದ್ದೇನೆ ಎಂದಿತು. ಅವಳು ದೀಪ ಹಿಡಿದು ಒಲೆಯ ಹಿಂದೆ ಹೋಗಲಿಲ್ಲ. ಹೊರಗೆ ಬಂದು ಜಗಲಿಯಲ್ಲಿ ಬೆಳಗಾಗುವವರೆಗೆ ಕೂತಳು.

ಮರುದಿನ ಅವಳು ಕಚೇರಿಗೆ ಹೋದಳು.

“ಹಾಜರಿರುವವರನ್ನು ಹುಡುಕಲಿಕ್ಕೆ ಅರ್ಜಿ ನಮೂನೆ ಇಲ್ಲ,” ಎಂದ ಗುಮಾಸ್ತ.

“ಮನೆಯಲ್ಲಿರುವುದು ಅವರಲ್ಲ.”

“ಕರೆದರೆ ಓಗೊಡ್ತದಾ?”

“ಓಗೊಡ್ತದೆ.”

“ಮತ್ತೆಂತ ಬೇಕು? ನನ್ನ ಮನೆಯಲ್ಲಿ ಕರೆದರೆ ಯಾರೂ ಓಗೊಡುದಿಲ್ಲ.”

ಅವಳು ಎಂಟು ದಿನ ಹೋದಳು. ಎಂಟು ದಿನವೂ ಪುಸ್ತಕ ತೆರೆದು ತೋರಿಸಿದರು. ಅಕ್ಷರ ದುಂಡಾಗಿತ್ತು. ಒಂಬತ್ತನೆಯ ದಿನ ಅವಳು ದರ್ಜಿಯ ಅಂಗಡಿಗೆ ಬಂದಳು. ದರ್ಜಿ ಆ ದಿನಗಳಲ್ಲಿ ಯಾರು ‘ಇದ್ದೀರಾ’ ಎಂದು ಕೂಗಿದರೂ ಬಾಯಿ ತೆರೆಯುತ್ತಿರಲಿಲ್ಲ. ಎದ್ದು ಬಂದು ಬಾಗಿಲಲ್ಲಿ ನಿಂತು ತನ್ನನ್ನು ತೋರಿಸುತ್ತಿದ್ದ.

“ದರ್ಜಿ ಅಣ್ಣ, ನಮ್ಮ ಒಲೆಯ ಹಿಂದೆ ನಿಮ್ಮ ದನಿ ಉಂಟು,” ಎಂದಳು. “ನೀವು ಇಲ್ಲಿ ಇದ್ದೀರಿ. ಹಾಗಾದರೆ ಅವರು ಎಲ್ಲಿ?”

ದರ್ಜಿ ಹೇಳಿದ. ಅವಳು ನಿಂತೇ ಕೇಳಿದಳು.

“ಎಷ್ಟು ಹೊಲಿಗೆಯ ಕೆಲಸ ಅದು?”

“ಆರು, ಅತ್ತಿಗೆ.”

“ಆರು ಹೊಲಿಗೆಗೆ ನಿಲ್ಲಲಿಕ್ಕೆ ಆಗಲಿಲ್ಲ.” ಅವಳು ಕೇಳಲಿಲ್ಲ, ಹೇಳಿದಳು. “ನಾಳೆ ಹೋಗುವಾ. ನಾನು ಮುಂದೆ, ನೀವು ಹಿಂದೆ. ಮೊದಲ ಕಲ್ಲಿನವರೆಗೆ ಸಾಕು.”

“ಸ್ನೇಹಿತರು ಸ್ನೇಹಿತರೇ ಹೋಗಬೇಕು ಅಂತ ಕ್ರಮ.”

“ನಾಳೆ ಸಂಜೆವರೆಗೆ ಸ್ನೇಹಿತರಾಗಿರುವಾ. ಆಮೇಲೆ ನಿಮ್ಮನ್ನು ನೋಡಿಕೊಳ್ತೇನೆ.”

ದರ್ಜಿ ಆ ರಾತ್ರಿಯೇ ಉಳಿದಿಬ್ಬರಿಗೂ ಹೇಳಿ ಕಳಿಸಿದ. ಮೇಷ್ಟ್ರಿಗೆ ಮಂಡಿ ನೋವು ಮರುಕಳಿಸಿತ್ತು. ಕಂಪೌಂಡರನಿಗೆ ಡ್ಯೂಟಿ ಇತ್ತು.

ಬೆಳಿಗ್ಗೆ ದೋಣಿಯಲ್ಲಿ ಅಜ್ಜಿ, “ಎಷ್ಟು ಜನ?” ಎಂದು ಕೇಳಿದಳು.

“ಮೂವರು,” ಎಂದಳು ಬೇಕರಿಯವನ ಹೆಂಡತಿ.

ಅಜ್ಜಿ ಇಬ್ಬರನ್ನೂ ನೋಡಿದಳು. ಹುಟ್ಟು ಹಾಕಿದಳು.

ಸಮುದ್ರ ಎಡಕ್ಕೆ, ದ್ವೀಪ ಬಲಕ್ಕೆ. ಮುಂದೆ ಅವಳು, ಹಿಂದೆ ದರ್ಜಿ. ಅವನ ಹಿಂದೆ ಯಾವ ಸದ್ದೂ ಇರಲಿಲ್ಲ. ಅವನಿಗೆ ಅದೂ ಭಯವೇ. ಮೊದಲ ಕಲ್ಲಿನ ಬಳಿ ಅವಳು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎದುರಿನ ಗಾಳಿಮರಗಳನ್ನು ನೋಡುತ್ತ ಕೇಳಿದಳು.

“ಇದ್ದೀರಾ?”

“ಇದ್ದೇನೆ,” ಎಂದ ದರ್ಜಿ, ಒಂದೇ ಸಲ, ತನ್ನ ದನಿಯಲ್ಲಿ. ಆಮೇಲೆ ಸುಮ್ಮನಾದ.

ಇಬ್ಬರೂ ಕಾದರು. ಅಲೆ ಬಂದು ಹೋಯಿತು. ಇನ್ನೊಂದು ಬಂದು ಹೋಯಿತು. ದರ್ಜಿಯ ಗಂಟಲಲ್ಲಿ ಇನ್ನೊಂದು ಇದ್ದೇನೆ ಎದ್ದು ನಿಂತಿತ್ತು. ಅವನು ಅದನ್ನು ನುಂಗಿದ. ಏಳನೆಯ ಅಲೆಯವರೆಗೂ ಮೂರನೆಯ ಉತ್ತರ ಬರಲಿಲ್ಲ.

“ಬರಲಿಲ್ಲ,” ಎಂದಳು ಅವಳು. “ತಿರುಗಿ.”

ತಿರುಗಿದರು. ಎದುರಿಗೆ ಮರಳು, ಅದರ ಮೇಲೆ ಅವರಿಬ್ಬರ ಹೆಜ್ಜೆ. ಬಂದ ದಾರಿಯಲ್ಲೇ ನಡೆದು, ದೋಣಿ ನಿಂತಿದ್ದ ನಲವತ್ತನೆಯ ಕಲ್ಲನ್ನು ದಾಟಿ, ಅದೇ ದಿಕ್ಕಿನಲ್ಲಿ ಮುಂದೆ ಹೋದರು. ಈಗ ಸಮುದ್ರ ಬಲಕ್ಕಿತ್ತು. ಅವಳು ಓಡುತ್ತಿದ್ದಳು.

ಮೂವತ್ತೊಂಬತ್ತನೆಯ ಕಲ್ಲಿನ ಬುಡದಲ್ಲಿ ಒಂದು ಜೊತೆ ಚಪ್ಪಲಿ ಸಿಕ್ಕಿತು. ಮನೆಯ ಬಾಗಿಲಲ್ಲಿ ಬಿಟ್ಟ ಹಾಗೆ ಜೋಡಿಸಿತ್ತು, ಮೂತಿ ದೋಣಿಯ ಕಡೆಗಿತ್ತು. ಎಡಗಾಲಿನದೂ ಇತ್ತು, ಬಲಗಾಲಿನದೂ ಇತ್ತು. ಎಡಗಾಲಿನ ಉಂಗುಷ್ಟಕ್ಕೆ ಕೆಂಪು ದಾರದಲ್ಲಿ ಆರು ಹೊಲಿಗೆ ಹಾಕಿತ್ತು. ಸೂಜಿ ಕಳೆಯದಿರಲೆಂದು ಅಟ್ಟೆಯ ಅಂಚಿಗೆ ಚುಚ್ಚಿತ್ತು. ಅವಳು ಹೊತ್ತು ಇಳಿಯುವವರೆಗೆ ಅಲ್ಲಿ ನಿಂತು, ದ್ವೀಪದ ಕಡೆಗೊಮ್ಮೆ, ಸಮುದ್ರದ ಕಡೆಗೊಮ್ಮೆ, ಇದ್ದೀರಾ ಎಂದು ಕೇಳಿದಳು.

ಒಲೆಯ ಹಿಂದಿನ ದನಿ ಆ ದಿನದಿಂದ ನಿಂತಿದೆ. ಹಾಜರಿ ಪುಸ್ತಕದಲ್ಲಿ ನಾಲ್ವರು ಎಂಬುದನ್ನು ಹೊಡೆದು ಮೂವರು ಎಂದು ತಿದ್ದಲಾಗಿದೆ. ಬೇಕರಿಯವನು ಸಿಕ್ಕಿಲ್ಲ. ಚಪ್ಪಲಿ ಇದ್ದ ಜಾಗಕ್ಕೆ ದೋಣಿ ಇಳಿಯುವಲ್ಲಿಂದ ಮುಕ್ಕಾಲು ಗಂಟೆಯ ದಾರಿ.